ಟಿಟ್ಟಿಭಕ್ಕಾಗಿ ಅಡ್ಡ ನಿಂತ ಗಾಡಿ

ಸಫಾರಿ ಶಿಬಿರ ನಡೆಸುವ ನೀವು ಕಳೆದ ವರ್ಷ ಇದೇ ಸಭಾಂಗಣದಲ್ಲಿ ನಮ್ಮ ಸಫಾರಿ ಚಾಲಕರ ಸಂಘಕ್ಕೆ ಮಾತು ಕೊಟ್ಟಿರಿ. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಿಲ್ಲ ಎಂದಿರಿ. ಇವತ್ತೂ ಸಂತೆಯಂತೆ ನಿಲ್ಲುತ್ತಿವೆ. ದಾರಿ ಬಿಟ್ಟು ಹುಲ್ಲಿಗೆ ಇಳಿಸುವುದಿಲ್ಲ ಎಂದಿರಿ. ಬಯಲಿನ ತುಂಬ ಚಕ್ರದ ಗೀರು. ಸಿಂಹ, ಚಿರತೆ ಕಾಣಿಸಲಿಲ್ಲವೆಂದು ಯಾರ ಕೆಲಸವನ್ನೂ ಕಿತ್ತುಕೊಳ್ಳುವುದಿಲ್ಲ ಎಂದಿರಿ. ನಮ್ಮ ಚಾಲಕಿ ರೆಸಿಯಾತೊ ಮಳೆಗಾಲದಿಂದ ಮನೆಯಲ್ಲಿ ಕೂತಿದ್ದಾಳೆ.

ಈಗ ಕ್ರಮದಂತೆ ಶುರು ಮಾಡುತ್ತೇನೆ. ಈ ಸಭೆಯ ಅಧ್ಯಕ್ಷರೂ ನಮ್ಮ ಶಿಬಿರದ ವ್ಯವಸ್ಥಾಪಕರೂ ಆದ ಗಿತಾಹಿಯವರೇ, ನೈರೋಬಿಯಿಂದ ಧೂಳು ಕುಡಿದುಕೊಂಡು ಬಂದ ಅತಿಥಿಗಳೇ, ಸುಟ್ಟ ಮೇಕೆ ಮಾಂಸದ ವಾಸನೆಗೆ ಹಿಂದೆ ತಿರುಗಿ ತಿರುಗಿ ನೋಡುತ್ತಿರುವ ನನ್ನ ಚಾಲಕ ಬಂಧುಗಳೇ, ಸಭಿಕರೇ,

ನಿವೃತ್ತನಾಗುವ ಈ ಪಾರ್ಮುವಾಟನಿಗೆ ಕೆಂಪು ಹೊದಿಕೆ ಹೊದಿಸಿದಿರಿ. ಅತಿ ಹೆಚ್ಚು ಸಿಂಹ ತೋರಿಸಿದ ಚಾಲಕ ಎಂದು ಹೊಗಳಿದಿರಿ. ಕೇಳಿದವರು ಸಿಂಹಗಳನ್ನು ನಾನೇ ಹೆತ್ತೆ ಅಂದುಕೊಳ್ಳಬೇಕು! ಕೃತಜ್ಞ. ಆದರೆ ನನಗೆ ದಣಿವಾಗಿದೆ. ಸೊಂಟ ಸವೆದಿದೆ, ಕಿವಿಯಲ್ಲಿ ಈಗಲೂ ವೈರ್‌ಲೆಸ್ ಕಿರಿಚುತ್ತದೆ. ಹೊಗಳಿಕೆ ಕೇಳುವುದಕ್ಕೂ ಶಕ್ತಿ ಬೇಕು ನೋಡಿ.

ರೆಸಿಯಾತೊ ಮಾಡಿದ ಅಪರಾಧವೇನು? ಹೇಳುತ್ತೇನೆ. ಅವತ್ತು ಬೆಳಿಗ್ಗೆ ಹೊಳೆಯಂಚಿನ ಮರದಲ್ಲಿ ಚಿರತೆಯಿದೆ ಎಂದು ವೈರ್‌ಲೆಸ್ ಕೂಗಿತು. ಒಬ್ಬ ಕೂಗಿದರೆ ಎಲ್ಲರೂ ಓಡಬೇಕು, ಅದು ನಮ್ಮಲ್ಲಿನ ಪದ್ಧತಿ. ಓಡಿದೆವು. ಎಲ್ಲರಿಗಿಂತ ಮುಂದೆ ರೆಸಿಯಾತೊ. ಇದ್ದಕ್ಕಿದ್ದಂತೆ ಗಾಡಿಯನ್ನು ದಾರಿಗೆ ಅಡ್ಡ ನಿಲ್ಲಿಸಿಬಿಟ್ಟಳು.

ಹಿಂದಿನ ಗಾಡಿಯ ಚಾಲಕ ಲೆಕಿಶೋನ್ ಕೂಗಿದ: "ಏ ತಂಗಿ, ಗಾಡಿ ಪಕ್ಕಕ್ಕೆ ಹಾಕೇ! ಚಿರತೆ ಮರ ಇಳೀತಿದೆ!"

"ಇಳೀಲಿ ಬಿಡಣ್ಣ. ಅದಕ್ಕೆ ಕಾಲಿದೆ, ಓಡುತ್ತೆ. ಮೊಟ್ಟೆಗೆಲ್ಲಿದೆ ಕಾಲು?"

"ಯಾವ ಮೊಟ್ಟೆನೇ? ತಿಂಡಿ ಬುಟ್ಟೀದಾ?"

"ಕಣ್ಣು ಬಿಟ್ಟು ನೋಡು, ತಲೆತಿರುಕ!"

ದಾರಿಯ ನಡುವೆ ಟಿಟ್ಟಿಭ. ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ. ಎರಡೂ ರೆಕ್ಕೆ ಬಿಚ್ಚಿ, ಅಷ್ಟು ದೊಡ್ಡ ಗಾಡಿಯ ಚಕ್ರಕ್ಕೆ ಎದುರಾಗಿ ನಿಂತು ಬೈಯುತ್ತಿತ್ತು. ಬೈಗುಳವೇ ಅದು, ಬೇರೆ ಹೆಸರಿಲ್ಲ. ನಮ್ಮ ಸಂಘದಲ್ಲಿ ಅಂಥ ಗಂಟಲು ಇದ್ದಿದ್ದರೆ ಈ ಮೂರು ಮಾತುಗಳೂ ಉಳಿಯುತ್ತಿದ್ದವು.

"ಇದಕ್ಕಾ ನಾವು ಇಷ್ಟು ದೂರ ಬಂದಿದ್ದು?" ಎಂದು ನನ್ನ ಗಾಡಿಯಲ್ಲಿದ್ದ ಅತಿಥಿಯೊಬ್ಬರು ಕೇಳಿದರು. ನಾನು ಎಂಜಿನ್ ಆರಿಸಿದೆ. ಹಿಂದೆಯೂ ಗಾಡಿ, ಮುಂದೆಯೂ ಗಾಡಿ. ಮಾಡಲು ಬೇರೇನೂ ಇರಲಿಲ್ಲ, ಹಾಗಾಗಿ ನೋಡಿದೆ.

ಏನು ನೋಡಿದೆ? ಮೋಡದ ನೆರಳೊಂದು ಗುಡ್ಡದಿಂದಿಳಿದು, ಬಯಲನ್ನು ದಾಟಿ, ನಮ್ಮ ಮೇಲೆಯೇ ಹಾದುಹೋಯಿತು. ಹುತ್ತದ ತೂತಿನಿಂದ ಮುಂಗುಸಿಗಳು ಒಂದೊಂದಾಗಿ ತಲೆ ಎತ್ತಿ ಬಿಸಿಲು ಕಾಯಿಸಿಕೊಂಡವು. ಆನೆ ಲದ್ದಿಯಲ್ಲೊಂದು ಜೀರುಂಡೆ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ತಳ್ಳುತ್ತಾ, ಉರುಳಿಸಿಕೊಳ್ಳುತ್ತಾ, ಮತ್ತೆ ತಳ್ಳುತ್ತಾ ಹೋಯಿತು. ಆ ಅತಿಥಿಯೂ ದುರ್ಬೀನು ಕೆಳಗಿಟ್ಟು ಬರಿಗಣ್ಣಿನಲ್ಲಿ ನೋಡಿದರು. ಇವೆಲ್ಲ ಅವತ್ತೇ ಹುಟ್ಟಿದವೇ? ನಾನು ದಿನವೂ ಹಾದುಹೋದ ದಾರಿಯಲ್ಲವೇ ಅದು? ಇಷ್ಟು ಕಾಲ ನಾನು ನೋಡಿದ್ದು ಕನ್ನಡಿಯಲ್ಲಿ ಅತಿಥಿಗಳ ಮುಖ. ನಕ್ಕರೇ, ಇಲ್ಲವೇ, ಅಷ್ಟೇ.

ನನ್ನ ಹೆಂಡತಿ ನಲಾಂಗು ಹುಡುಗಿಯಾಗಿದ್ದಾಗ ಅದೇ ಬಯಲಿನಲ್ಲಿ ದನ ಕಾಯುತ್ತಿದ್ದಳು. ರಾಷ್ಟ್ರೀಯ ಉದ್ಯಾನ ಬಂದಮೇಲೆ ದನಕ್ಕೂ ಪ್ರವೇಶವಿಲ್ಲ, ಅವಳಿಗೂ ಇಲ್ಲ. ನಾನು ಮನೆಗೆ ಹೋದರೆ ಕೇಳುವಳು: "ಇವತ್ತು ಏನ್ ನೋಡ್ದೆ?" "ಮೂರು ಸಿಂಹ." "ಸಿಂಹ ಬಿಡು ಮಾರಾಯ. ಬಂಡೆ ಹತ್ರ ಅಂಜೂರದ ಮರ ಇತ್ತಲ್ಲ, ಇದೆಯಾ?" "ನಾಳೆ ನೋಡ್ತೀನಿ" ಎನ್ನುತ್ತಿದ್ದೆ. ಮರ ಇದೆ. ಅವತ್ತು ಕಂಡೆ. ಮನೆಗೆ ಹೋದಾಗ ಹೇಳೋಣವೆಂದರೆ ಕೇಳುವವಳು ಇರಲಿಲ್ಲ. ತೀರಿಹೋಗಿ ಎರಡು ವರ್ಷವಾಗಿತ್ತು.

ಇರಲಿ. ವಿಷಯಕ್ಕೆ ಬರುತ್ತೇನೆ. ನೀರು ಕೊಡಿ ಸ್ವಲ್ಪ.

ಗಾಡಿಗಳೆಲ್ಲ ಹಿಂದೆ ಸರಿದು ಹೊಳೆಗೆ ಹೋಗುವ ಬಳಸು ದಾರಿ ಹಿಡಿಯುವವರೆಗೂ ರೆಸಿಯಾತೊ ಕದಲಲಿಲ್ಲ. ಚಿರತೆ ಯಾರಿಗೂ ಕಾಣಲಿಲ್ಲ. ದೂರು ಬಂತು, ಕೆಲಸ ಹೋಯಿತು. ದಾರಿಯಲ್ಲೇ ನಿಂತ, ಹುಲ್ಲು ತುಳಿಯದ, ಉದ್ಯಾನದ ನಿಯಮವನ್ನು ಅಕ್ಷರಶಃ ಪಾಲಿಸಿದ ಒಬ್ಬಳೇ ಒಬ್ಬಳ ಕೆಲಸ ಹೋಯಿತು! ಮೊಟ್ಟೆಯೊಡೆದು ಬಂದ ಮರಿಗಳು ಬೆಳೆದು ಹಾರಿಹೋದವು. ಅವುಗಳನ್ನು ಉಳಿಸಿದವಳು ಒಲೆಯ ಮುಂದೆ ಕೂತಿದ್ದಾಳೆ. ನ್ಯಾಯವೇ ಇದು?

ನಿನ್ನೆ ಗಿತಾಹಿಯವರು ನನ್ನನ್ನು ಪಕ್ಕಕ್ಕೆ ಕರೆದರು. "ಹಿರಿಯರೇ, ಆ ಹುಡುಗಿ ಸುದ್ದಿ ವೇದಿಕೇಲಿ ಬೇಡ. ನಿಮ್ಮ ಬೀಳ್ಕೊಡುಗೆ ಚೆಂದಾಗಿ ಆಗ್ಲಿ" ಎಂದರು. ಗಿತಾಹಿಯವರೇ, ಚೆಂದಾಗಿಯೇ ಆಗುತ್ತಿದೆ. ನನ್ನನ್ನು ಇನ್ನು ಕೆಲಸದಿಂದ ತೆಗೆಯಲು ನಿಮಗೂ ಆಗುವುದಿಲ್ಲ, ಅದೊಂದು ಸುಖ.

ಹಾಡಿದವರಿಗೆ, ಅಡುಗೆಯವರಿಗೆ, ಕುರ್ಚಿ ಹಾಕಿದವರಿಗೆ, ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ಧನ್ಯವಾದ. ಸಂಘದ ಮುಂದಿನ ಸಭೆ ಬರುವ ಗುರುವಾರ, ಉದ್ಯಾನದ ಗೇಟು ತೆರೆಯುವ ಹೊತ್ತಿಗೆ, ಬೆಳಿಗ್ಗೆ ಆರು ಗಂಟೆಗೆ, ಗೇಟಿನ ಎದುರೇ. ಅತಿಥಿಗಳನ್ನು ಹತ್ತಿಸಿಕೊಂಡು ಬನ್ನಿ. ಗಾಡಿಗಳನ್ನು ಅಡ್ಡ ನಿಲ್ಲಿಸಿ, ಎಂಜಿನ್ ಆರಿಸಿ. ರೆಸಿಯಾತೊ ಕೈಗೆ ಗಾಡಿಯ ಕೀಲಿ ಬರುವವರೆಗೆ ಅತಿಥಿಗಳಿಗೆ ಬಯಲು ತೋರಿಸುತ್ತಿರಿ. ಗೇಟಿನಿಂದಲೂ ಚೆನ್ನಾಗಿ ಕಾಣುತ್ತದೆ.

ನಮಸ್ಕಾರ.