ಬಟ್ಟೆ ಒಣಹಾಕುವ ಹೊತ್ತು

ಮಕ್ಕಳ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ನಡುವೆ ಅವರ ಮಗಳು.

"ಆಟಿಸಂ ಇರೋ ಮಕ್ಕಳು ಎಷ್ಟು ಖುಷಿಯಾಗಿದಾರೆ ಅಂತ ಅಳೀತಾರಂತೆ," ಎಂದರು ತಾಯಿ, ಆಸ್ಪತ್ರೆಯವರು ಕೊಟ್ಟ ಫಾರಂ ಓದುತ್ತ. "ಗೆಳತಿಯರಿದಾರಾ ಅಂತ ಕೇಳಿದಾರೆ. ಏನು ಬರೀಲಿ?"

"ಅವಳನ್ನೇ ಕೇಳು," ಎಂದರು ತಂದೆ.

"ಪುಟ್ಟಿ, ಆಟಕ್ಕೆ ಯಾರೂ ಬರಲ್ಲ ಅಂತ ಬೇಜಾರಾ?"

"ಇಲ್ಲ. ನೀನು ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಬೇಜಾರು. ತುಂಬ ಗಲಾಟೆ."

ತಾಯಿ ಪೆನ್ನು ಮುಚ್ಚಿದರು. "ಮತ್ತೆ ಖುಷಿ ಯಾವಾಗ?"

"ಅಪ್ಪ ಬಟ್ಟೆ ಒಣಹಾಕುವಾಗ. ನಾನು ಕ್ಲಿಪ್ ಕೊಡ್ತೀನಿ."

"ನಾವಿಬ್ರೂ ಆಗ ಮಾತೇ ಆಡಲ್ಲ," ಎಂದು ತಂದೆ ನಕ್ಕರು.

"ನಾನೂ ಬರ್ಲಾ, ಕಂದ?"

ಹುಡುಗಿ ಯೋಚಿಸಿದಳು. "ಬಾ. ಬಕೆಟ್ ಹಿಡ್ಕೋ. ಮಾತಾಡ್ಬೇಡ."

ಅಷ್ಟರಲ್ಲಿ ನರ್ಸ್ ಕರೆದರು. ತಾಯಿ ಮಾತಿಲ್ಲದೆ ತಲೆಯಾಡಿಸಿ, ಮಗಳ ಹಿಂದೆ ಒಳಗೆ ಹೋದರು.