ಎಣ್ಣೆ ಹಚ್ಚಿದ ದೋಣಿ

ದಸರಾ ಮುಗಿದ ವಾರ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನರಸಿಂಹರಾಜಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ, ಕಾಲ ಬಳಿ ರೆಸಿನ್ ಅಂಟಿನ ಡಬ್ಬ ಇಟ್ಟುಕೊಂಡು, ಮುಂಗೈ ಕೆಂಪಾಗುವಷ್ಟು ಕೆರೆದುಕೊಳ್ಳುತ್ತಿದ್ದ. ಜೊತೆಗೊಬ್ಬರು ಹಿರಿಯರು.

“ನಿಮ್ಮ ಹಳೇ ದೋಣಿ ಉಜ್ಜಿ ಉಜ್ಜಿ ಫೈಬರ್ ಪುಡಿ ಚರ್ಮದೊಳಗೇ ಹೋಗಿದೆ ಜಯದೇವಣ್ಣ.”

“ಉಜ್ಜಿದ್ದು ಸರಿ ಮಾರಾಯ. ಹಾಕಿದ ತೇಪೆ ಯಾಕೆ ಕಿತ್ತು ಬಂತು ಕಲ್ಲೇಶ?”

“ನನ್ನ ಕೇಳ್ತೀರಾ? ಹುಣ್ಣಿನ ಹಕ್ಕಳೆ ಎದ್ದ ಹಾಗೆ ಎದ್ದು ಬಂತು. ಅಡಿಯಲ್ಲೆಲ್ಲ ಎಣ್ಣೆ ಜಿಡ್ಡು.”

“ಅದು ಆಯುಧಪೂಜೆ ದಿನ ನಾನೇ ಹಚ್ಚಿದ್ದು. ಅಪ್ಪನ ಕಾಲದಿಂದ್ಲೂ ಎಣ್ಣೆ ಹಚ್ಚದೆ ದೋಣಿ ಪೂಜೆ ಮಾಡಿದ್ದಿಲ್ಲ. ಆಮೇಲೆ ಚೆನ್ನಾಗಿ ಒರೆಸಿದ್ನಲ್ಲ.”

“ಅವರದ್ದು ಮರದ ದೋಣಿ. ಇದು ಫೈಬರ್. ಎಣ್ಣೆ ಕುಡಿದ ಜಾಗದಲ್ಲಿ ರೆಸಿನ್ ಹಿಡಿಯಲ್ಲ. ಪೂರಾ ತೊಳೆದು ಮತ್ತೆ ಉಜ್ಜಬೇಕು. ನಾಲ್ಕು ದಿನದ ಕೆಲಸ.”

“ನಾಲ್ಕು ದಿನ ಎಲ್ಲಿಂದ ತರ್ಲಿ? ಸೋಮವಾರ ಶಾಲೆ ಶುರು, ಮಕ್ಕಳು ಹಿನ್ನೀರು ದಾಟ್ಬೇಕು. ಅದೇ ತೇಪೆ ಒತ್ತಿ, ಮೇಲೆ ನೀಲಿ ಬಣ್ಣ ಹೊಡಿ. ಯಾರಿಗೆ ಕಾಣುತ್ತೆ?”

ಕಲ್ಲೇಶ ಕೆರೆಯುವುದನ್ನು ನಿಲ್ಲಿಸಿದ.

“ಥೂ! ನಿಮ್ಮ ಮೊಮ್ಮಗಳೂ ಅದ್ರಲ್ಲೇ ಹೋಗೋದಲ್ವಾ?”

“ಇಲ್ಲಪ್ಪ. ಅವಳನ್ನ ಸುತ್ತು ರಸ್ತೆಯಲ್ಲಿ ಬೈಕಲ್ಲಿ ಬಿಡೋಕೆ ಮಗನಿಗೆ ಹೇಳಿದೀನಿ.”

ಬಸ್ಸು ಬಂತು. ಜಯದೇವಣ್ಣ ಮೊದಲು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಕಿ ಅವನನ್ನು ಕರೆದರು. ಕಲ್ಲೇಶ ಹತ್ತಿದ. ಡಬ್ಬವನ್ನು ಆ ಟವೆಲಿನ ಮೇಲೆ ಇಟ್ಟು ಇಳಿದುಹೋದ.