ಕ್ಯಾಪ್ಟನ್ ಎಲ್ಲವ್ವ ಸತ್ತಿರಲಿಲ್ಲ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಗೋಕಾಕದ ಈ ಅಂಧ ಮಕ್ಕಳ ಶಾಲೆಯನ್ನು ಹೆತ್ತ ಮಗಳಂತೆ ಸಾಕಿದ ಪೂಜ್ಯ ಕಮಲಾಬಾಯಿಯವರೇ, ಹುಕ್ಕೇರಿಯಿಂದ ಮುಖ್ಯ ಅತಿಥಿಗಳಾಗಿ ಆಗಮಿಸಿರುವ ಪ್ರಾಚಾರ್ಯ ಆದಿನಾಥ ಅವರೇ, ಈ ಶಾಲೆಯ ಶಿಕ್ಷಕಿ ಮಯೂರಿ ಟೀಚರ್ ಅವರೇ, ನಾನು ಬಾಯಿ ತೆರೆಯುವ ಮೊದಲೇ ಬರೀ ಕೆಮ್ಮಿನಿಂದ ನನ್ನನ್ನು ಗುರುತು ಹಿಡಿದು ನಗುತ್ತಿರುವ ಮೊದಲ ಸಾಲಿನ ಮಕ್ಕಳೇ, ಸಭಿಕರೇ, ಮತ್ತು ಇಂದಿನ ಸನ್ಮಾನಿತರಾದ ಅನ್ನಪೂರ್ಣಾ ಟೀಚರ್ ಅವರೇ.

ನೋಡಿ, ಟೀಚರ್ ಅವರೇ ಎಂದದ್ದಕ್ಕೆ ಆಕೆ ಅಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಾರೆ. ಏಕೆಂದರೆ ಆಕೆ ನನ್ನ ಸ್ವಂತ ಅಕ್ಕ. ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಆಕೆಗೆ 'ಅವರೇ' ಎಂದದ್ದು ಇದೇ ಮೊದಲು.

ನನ್ನ ಹೆಸರು ಶಿವಪುತ್ರ. ಮೂಡಲಗಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದೇನೆ. ಮೋಟರ್ ಸುತ್ತುವವನಿಗೆ ಮೈಕಿನ ಮುಂದೆ ಏನು ಕೆಲಸ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಕ್ಕ ಇಂದು ಇಪ್ಪತ್ತೈದನೆಯ ಸಲ ಹೇಳಲಿರುವ ಆ ಕಥೆ ಎಲ್ಲಿಂದ ಬಂತು ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಆ ಕಥೆ ನನ್ನದು ಎಂದು ನಾನು ಎಂದೂ ಹೇಳಿಲ್ಲ. ಇಂದೂ ಹೇಳುವುದಿಲ್ಲ. ಅದರ ಅರ್ಧ ಭಾಗ ಮಾತ್ರ ನನ್ನದು.

'ಆರ್ಡೆನ್' ಎಂಬ ಇಂಗ್ಲಿಷ್ ಚಿತ್ರಮಾಲಿಕೆ ತಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆರ್ಡೆನ್ ಎಂದರೆ ಆಕಾಶದಲ್ಲಿ ಓಡುವ ಒಂದು ನೌಕೆ. ಅದರ ನಾಯಕಿ ಕ್ಯಾಪ್ಟನ್ ಎಲ್ವಾ. ಮೊದಲ ಭಾಗ ಗೋಕಾಕಕ್ಕೆ ಹಿಂದಿಯಲ್ಲಿ ಬಂದಾಗ ಅಕ್ಕನಿಗೆ ಹದಿನೇಳು, ನನಗೆ ಹದಿನಾಲ್ಕು. ನಮ್ಮ ಕಾಕಾ ಉದ್ದಪ್ಪ ನಮ್ಮಿಬ್ಬರನ್ನು ಮಮದಾಪುರದಿಂದ ಕರೆದುಕೊಂಡು ಬಂದಿದ್ದ. ನಮಗೆ ಸಂತೆಯ ಹಿಂದಿ ಬಿಟ್ಟರೆ ಬೇರೆ ಹಿಂದಿ ಬರುತ್ತಿರಲಿಲ್ಲ. ಆದರೆ ಕಣ್ಣಿಗೆ ಭಾಷೆ ಯಾವುದು? ಒಬ್ಬಳೇ ಹೆಂಗಸು, ಹಿಂದೆ ನೂರು ಜನ, ಮುಂದೆ ಬರೀ ಕತ್ತಲೆ, ಆಕೆ ನಡೆಯುತ್ತಾಳೆ. ಅಷ್ಟು ಸಾಕಾಯಿತು. ಮನೆಗೆ ಬರುವಷ್ಟರಲ್ಲಿ ಅಕ್ಕ ಆಕೆಯ ಹೆಸರನ್ನು ಎಲ್ಲವ್ವ ಎಂದು ಮಾಡಿದ್ದಳು. ಸವದತ್ತಿಯ ತಾಯಿ ಕ್ಷಮಿಸಲಿ.

ಎರಡನೆಯ ಭಾಗವನ್ನೂ ಅಕ್ಕ ಕಣ್ಣಾರೆ ನೋಡಿದಳು. ಮರುವರ್ಷ ಜ್ವರ ಬಂತು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದಳು. ಜ್ವರ ಹೋಯಿತು, ಜೊತೆಗೆ ಎರಡೂ ಕಣ್ಣು ಹೋದವು. ಕಣಗಲಾದಲ್ಲಿ ಮಾತಾಗಿದ್ದ ಸಂಬಂಧವೂ ಹೋಯಿತು. ಅವರು ಕೆಟ್ಟ ಜನರಲ್ಲ. ಬಂದರು, ನಮ್ಮವ್ವನ ಕೈಯಿಂದ ಚಹಾ ಕುಡಿದರು, ನಿಶ್ಚಯದ ಸೀರೆ ಮಾತ್ರ ಮರಳಿ ಒಯ್ದರು. ಅಂದಿನಿಂದ ಏಳು ತಿಂಗಳು ಅಕ್ಕ ಹೊಸ್ತಿಲು ದಾಟಲಿಲ್ಲ. ಬೆಳಗಾವಿಯಲ್ಲಿ ಕಣ್ಣಿಲ್ಲದವರಿಗೆ ಬ್ರೈಲ್ ಕಲಿಸುವ ತರಬೇತಿಯ ಅರ್ಜಿಯನ್ನು ನಮ್ಮಪ್ಪ ದುರ್ಗಪ್ಪ ತಂದು ಗೋಡೆಯ ಮಾಡಿನಲ್ಲಿಟ್ಟಿದ್ದ. ಅದರ ಮೇಲೆ ಧೂಳು ಕೂತಿತ್ತು.

ಆಗ ಮೂರನೆಯ ಭಾಗ ಬಂತು.

ನಾನು ಹೇಳಿದೆ, "ಅಕ್ಕಾ, ಎಲ್ಲವ್ವ ಬಂದಾಳ. ಹೋಗೂಣು ನಡಿ."

"ನಾ ಏನ್ ನೋಡ್ಲಿ ಅಲ್ಲೆ?"

"ನಾ ನೋಡತೇನಿ, ನೀ ಕೇಳು."

ಅಕ್ಕ ಗೋಡೆ ಹಿಡಿದು ಎದ್ದಳು. "ಬರತೇನಿ. ಆಕಿ ಏನ್ ಮಾಡ್ತಾಳ ಕೇಳಿ, ಆಮ್ಯಾಲೆ ಆ ಬೆಳಗಾವಿ ಅರ್ಜಿದ್ದು ನೋಡೂಣು" ಎಂದಳು.

ಸಭಿಕರೇ, ಆ ಮಾತು ಕೇಳಿದ ಹದಿನೆಂಟು ವರ್ಷದ ತಮ್ಮನ ಎದೆಯ ಮೇಲೆ ಎಂಥ ಭಾರ ಬಿದ್ದಿರಬೇಡ? ಚಿತ್ರಮಂದಿರದಲ್ಲಿ ನಾನು ಆಕೆಯ ಕಿವಿಯಲ್ಲಿ ಒಂದೊಂದೇ ಹೇಳುತ್ತ ಹೋದೆ. ಬಾಗಿಲು ತೆರೆಯಿತು, ಹೊಗೆ ಬಂತು, ಓಡಿದರು. ಕೊನೆಗೆ ನೌಕೆಯನ್ನು ಉಳಿಸಲು ಎಲ್ವಾ ಹೊರಗೆ ಹೋಗಿ ಬಾಗಿಲನ್ನು ಹೊರಗಿನಿಂದಲೇ ಮುಚ್ಚಿದಳು. ನೌಕೆ ಹೋಯಿತು. ಆಕೆ ಕಪ್ಪು ಆಕಾಶದಲ್ಲಿ ಉಳಿದಳು. ಕಣ್ಣು ಮುಚ್ಚಿದಳು. ಸತ್ತಳು. ಇಡೀ ಚಿತ್ರಮಂದಿರದಲ್ಲಿ ಫ್ಯಾನಿನ ಸದ್ದು ಮಾತ್ರ.

ಅಕ್ಕನ ಉಗುರು ನನ್ನ ಮುಂಗೈಯಲ್ಲಿ ನೆಟ್ಟಿತ್ತು. "ಏನಾತೋ? ಯಾಕ ಎಲ್ಲಾರೂ ಸುಮ್ನಾದ್ರು?"

ನಾನು ಹೇಳಿದೆ, "ತೇಲಾಕತ್ತಾಳ ಅಕ್ಕಾ. ಬದುಕ್ಯಾಳ. ಕೈ ಬೀಸಾಕತ್ತಾಳ."

ಹಿಂದಿನ ಸಾಲಿನಲ್ಲಿ ಒಬ್ಬ ಪುಣ್ಯಾತ್ಮ ಗಟ್ಟಿಯಾಗಿ ಅತ್ತೇಬಿಟ್ಟ. "ಸತ್ತಳಲ್ಲೋ ನಮ್ಮವ್ವ!"

"ಯಾರು ಸತ್ತರಂತ?" ಅಕ್ಕ ಕೇಳಿದಳು.

"ಅಂವಂದು ಮನಿ ಸುದ್ದಿ ಇರಬೇಕು."

"ಮತ್ತ ಎಲ್ಲವ್ವ ಮಾತ್ಯಾಕ ಆಡವಲ್ಲಳು?"

ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಯಾವ ದೇವರು ಕೂತನೋ ಗೊತ್ತಿಲ್ಲ. "ಅಲ್ಲೆ ಗಾಳಿ ಇಲ್ಲಲ್ಲ ಅಕ್ಕಾ. ಆಕಿ ದನಿ ಹೋತು. ಇನ್ನ ಬ್ಯಾಟರಿ ಬೆಳಕಲೇ ಮಾತಾಡ್ತಾಳ. ಒಂದ್ ಸಲ ಹಚ್ಚಿದ್ರ ಹೌದು, ಎರಡ್ ಸಲ ಹಚ್ಚಿದ್ರ ಇಲ್ಲ."

ಊರಿಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ಅಕ್ಕ, "ದನಿ ಹೋದ್ರೂ ಹೊಂಟಾಳಲ್ಲ. ನಾಳೆ ಆ ಅರ್ಜಿ ತುಂಬು" ಎಂದಳು.

ಆಕೆ ಬೆಳಗಾವಿಗೆ ಹೋದಳು. ಬ್ರೈಲ್ ಕಲಿತಳು. ಮತ್ತೆ ಪರೀಕ್ಷೆಗಳಿಗೆ ಕೂತಳು. ಈ ಶಾಲೆಗೆ ಬಂದಳು. ಇಲ್ಲಿ ಕೂತಿರುವ ಎಷ್ಟು ಮಕ್ಕಳ ಬೆರಳು ಹಿಡಿದು ಆಕೆ ಅಕ್ಷರ ಕಲಿಸಿದಳು ಎಂದು ನಾನು ಹೇಳಬೇಕೇ? ಇದೆಲ್ಲ ನನ್ನಿಂದ, ನನ್ನ ಒಂದು ಸುಳ್ಳಿನಿಂದ ಆಯಿತು ಎಂದು ನಾನು ಹದಿನೈದು ವರ್ಷ ಬೀಗಿದ್ದೆ. ಬಿಡಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಒಂದು ಸುಳ್ಳು ಹೇಳಿದವನ ಕಷ್ಟ ತಮಗೆ ಗೊತ್ತೇ ಇದೆ. ನಾಲ್ಕನೆಯ ಭಾಗ ಬಂತು, ಅದರಲ್ಲಿ ಎಲ್ವಾ ಇಲ್ಲವೇ ಇಲ್ಲ. ಐದನೆಯದು ಬಂತು, ಅದರಲ್ಲೂ ಇಲ್ಲ. ತೆರೆಯ ಮೇಲೆ ಇಬ್ಬರು ಎಳೆಯರು ಪ್ರೀತಿ ಮಾಡಿ ಜಗಳಾಡುತ್ತಿದ್ದರು. ನಾನು ಮಾತ್ರ ಅಕ್ಕನ ಕಿವಿಯಲ್ಲಿ ಎಲ್ಲವ್ವನನ್ನು ನಡೆಸುತ್ತಿದ್ದೆ. ಅಲ್ಲಿ ಗುಂಡು ಹಾರಿದರೆ ನನ್ನ ಕಥೆಯಲ್ಲಿ ಬಂಡೆ ಒಡೆಯುತ್ತಿತ್ತು. ಅಲ್ಲಿ ಹುಡುಗಿ ಅತ್ತರೆ ನನ್ನ ಕಥೆಯಲ್ಲಿ ಒಬ್ಬ ಮುದುಕಿ ನೀರು ಕೇಳುತ್ತಿದ್ದಳು. ಐದನೆಯ ಭಾಗದ ಹೊತ್ತಿಗೆ ಪಕ್ಕದ ಕುರ್ಚಿಯ ಒಬ್ಬ ಅಪರಿಚಿತ ಮಧ್ಯಂತರದಲ್ಲಿ, ಚುರುಮುರಿ ಕೊಳ್ಳಲು ಹೊರಗೆ ಬಂದ ನನ್ನ ಹೆಗಲು ತಟ್ಟಿ, "ಅಣ್ಣಾರ, ಇನ್ನ ಸ್ವಲ್ಪ ಜೋರ್ ಹೇಳ್ರಿ, ತೆರಿ ಮ್ಯಾಲಿಂದಕ್ಕಿಂತ ನಿಮ್ಮದು ಚಲೋ ಐತಿ" ಎಂದ. ಅವನಿಗೆ ಅಂದು ನನ್ನ ಚುರುಮುರಿಯಲ್ಲಿ ಅರ್ಧ ಕೊಟ್ಟೆ. ನಾನು ಕಥೆಗಾರನೇ? ಅಲ್ಲ. ಆದರೆ ಆ ಮಾತನ್ನು ಇಂದಿಗೂ ಮರೆತಿಲ್ಲ.

ಹೋದ ವರ್ಷ ಆರನೆಯ ಭಾಗ ಬಂತು. ಆರು ವರ್ಷ ಕಾದ ಮೇಲೆ ಬಂದದ್ದು. ಅದೂ ಮೊದಲ ಸಲ ಕನ್ನಡದಲ್ಲಿ! ಊರೆಲ್ಲ ಸಂಭ್ರಮ. ನನಗೊಬ್ಬನಿಗೆ ಜೀವ ಹಾರಿತು. ಕರೆಂಟು ಹೋಗಲಿ ಎಂದು ಹರಕೆ ಹೊತ್ತೆ. ಹೋಗಲಿಲ್ಲ. ಅಕ್ಕ ನಮ್ಮ ಮಯೂರಿ ಟೀಚರನ್ನೂ ಕರೆದುಕೊಂಡು ಬಂದಿದ್ದಳು. "ಇವತ್ತ ನೀ ಬಾಯಿ ಮುಚ್ಚಿ ಆರಾಮ ಕೂಡು ಶಿವ್ಯಾ, ನಾನ ಕೇಳತೇನಿ" ಎಂದಳು.

ಕೇಳಿದಳು. ಅರ್ಧ ಗಂಟೆಯಲ್ಲಿ ತೆರೆಯ ಮೇಲೆ ಒಬ್ಬ ಮುದುಕ ಅಚ್ಚ ಕನ್ನಡದಲ್ಲಿ ಹೇಳಿದ: "ಎಲ್ವಾ ಸತ್ತು ಹದಿನೈದು ವರ್ಷವಾಯಿತು." ಅಕ್ಕನ ಕೈ ನನ್ನ ಕೈಯ ಮೇಲಿಂದ ಸರಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯಲ್ಲಿ ಅದೇ ಮುದುಕ, ಎಲ್ವಾ ಮನುಷ್ಯಳೇ ಅಲ್ಲ, ಶತ್ರುಗಳು ಮಾಡಿ ಕಳಿಸಿದ ಗೊಂಬೆ, ಆಕೆಯ ಧೈರ್ಯವೆಲ್ಲ ಒಂದು ಗುಂಡಿ ಒತ್ತಿದ್ದರಿಂದ ಬಂದದ್ದು ಎಂದ. ನನ್ನ ದುಃಖ ನನಗಿರಲಿ, ಆ ದಿನ ಚಿತ್ರಮಂದಿರದಲ್ಲಿ ಯಾರಿಗೆ ನೋವಾಗಲಿಲ್ಲ? ಹುಡುಗರು ಬೈದರು. ಹುಕ್ಕೇರಿಯಿಂದ ಮೋಟರ್‌ಸೈಕಲ್ ಮೇಲೆ ಬಂದಿದ್ದ ಸುಶಾಂತ ಎಂಬ ಕಾಲೇಜು ವಿದ್ಯಾರ್ಥಿ, ಎಲ್ವಾಳ ಚಿತ್ರದ ಅಂಗಿ ಹಾಕಿಕೊಂಡವನು, ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಯಾರನ್ನು ನೋಡಿ ನಾವು ಧೈರ್ಯ ಕಲಿತೆವೋ ಅವಳ ಧೈರ್ಯವೇ ಸುಳ್ಳು ಎಂದರೆ ಹೇಗಾಗಬೇಕು?

ಆ ಮೆಟ್ಟಿಲ ಮೇಲೆಯೇ ಅಕ್ಕ ನಿಂತಳು. "ಯಾವುದು ಖರೆ?"

ನಾನು ಎಲ್ಲ ಹೇಳಿದೆ.

"ಹದಿನೈದು ವರ್ಷ" ಎಂದಳು. ಅಷ್ಟೇ. ಮಯೂರಿ ಟೀಚರ ತೋಳು ಹಿಡಿದು ಆಟೋ ಹತ್ತಿ ಹೋದಳು.

ಹನ್ನೊಂದು ದಿನ ನನ್ನ ಫೋನು ಎತ್ತಲಿಲ್ಲ. ಆ ಹನ್ನೊಂದು ದಿನಗಳಲ್ಲಿ ನಾನು ಮೂರು ಮೋಟರ್ ತಪ್ಪು ಸುತ್ತಿದೆ. ಮಾಲಿಂಗ ಎಂಬ ರೈತರ ಮೋಟರು ಉಲ್ಟಾ ತಿರುಗಿತು. ಅವರು ಇಲ್ಲೇ ಕೂತಿದ್ದಾರೆ, ಅವರಿಗೆ ನನ್ನ ಕ್ಷಮಾಪಣೆ.

ಹನ್ನೆರಡನೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಕೋಲಿನ ಸದ್ದು. ಗೋಕಾಕದಿಂದ ಮೂಡಲಗಿಗೆ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕುರ್ಚಿ ಕೊಟ್ಟೆ. ಕೂತಳು. ನೀರು ಬೇಡ ಎಂದಳು.

"ನಾಕನೇದ್ದರಾಗ ಬಂಡಿಗಲ್ಲಿನ ಊರು ಇತ್ತಲ್ಲ, ಅದು ಅವರದೋ ನಿಂದೋ?"

"ನಂದು ಅಕ್ಕಾ."

"ಆ ಮುದುಕಿಗೆ ನೀರು ಕೊಟ್ಟದ್ದು?"

"ನಂದು."

"ಐದನೇದ್ದರಾಗ ಚಂದ್ರನ ಒಡದು ಎರಡ್ ಹೋಳ್ ಮಾಡಿದ್ದು?"

"ಅದು ಅವರದು."

"ಅನಕೊಂಡಿದ್ದೆ. ಅದೊಂದು ಚಲೋ ಇರಲಿಲ್ಲ."

ಸಭಿಕರೇ, ತಾವು ನಗುತ್ತಿದ್ದೀರಿ. ನಾನೂ ನಕ್ಕೆ. ನಕ್ಕದ್ದು ತಪ್ಪಾಯಿತು. ಅಕ್ಕ ಕೋಲನ್ನು ನೆಲಕ್ಕೆ ಕುಟ್ಟಿದಳು.

"ನಗಬ್ಯಾಡ. ಆಕಿ ಸತ್ತಾಳ ಅಂತ ಅವತ್ತ ಹೇಳಿದ್ರ ನಾ ಬೆಳಗಾವಿಗೆ ಹೋಗತಿರಲಿಲ್ಲ ಅನಕೊಂಡಿಯೇನ? ಸಿನಿಮಾದಾಗ ಒಬ್ಬಾಕಿ ಸತ್ರ ನಾ ಮನಿಯಾಗ ಕುಂದರತಿದ್ನೇನ? ಅಷ್ಟ ಹಗುರ ಅನಕೊಂಡಿ ಏನ ನನ್ನ? ಅತ್ತು, ಆಮ್ಯಾಲೆ ಹೋಗತಿದ್ದೆ. ಅಳೂದನ್ನ ನೀ ಕಸಗೊಂಡಿ."

ಆಮೇಲೆ ಬರುತ್ತೇನೆ ಎಂದೆನಲ್ಲ, ಆ ಮಾತು ಇದು. ನನ್ನಿಂದಲೇ ಅಕ್ಕ ಶಿಕ್ಷಕಿಯಾದಳು ಎಂದು ಅಕ್ಕನ ಬೆನ್ನ ಹಿಂದೆ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೆ. ನನ್ನ ಹೆಂಡತಿ ಸರಿತಾಗೆ ಮದುವೆಯಾದ ವಾರದಲ್ಲೇ ಹೇಳಿದ್ದೆ. ಇಂದು ಈ ಮೈಕಿನಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಕ್ಕ ಹೋದದ್ದು ಅಕ್ಕನ ಕಾಲಿನಿಂದ.

"ತಪ್ಪಾತು ಅಕ್ಕಾ" ಎಂದೆ.

"ಆತು. ಆದ್ರ ಆಕಿ ಗೊಂಬಿ ಅಂದದ್ದು ನನಗ ಒಪ್ಪಿಗಿ ಇಲ್ಲ. ಸತ್ತಾಳ ಅಂದ್ರ ಸೈ ಅಂತಿದ್ದೆ. ಗೊಂಬಿ ಅಂದ್ರ ಬಿಡೂದಿಲ್ಲ. ಆರನೇದ್ದು ನಾ ಹೇಳತೇನಿ. ನೀ ಬಾಯಿ ಹಾಕಬ್ಯಾಡ."

ಅಕ್ಕ ಈ ಮಕ್ಕಳನ್ನು ಕೂರಿಸಿಕೊಂಡು ಶನಿವಾರ ಶನಿವಾರ ಹೇಳತೊಡಗಿದಳು. ಮಕ್ಕಳು ತಟ್ಟೆ, ಲೋಟ, ಜೋಳದ ಒಣಗರಿಯ ರವದಿ, ಸೈಕಲ್ ಚಕ್ರ ಹಿಡಿದು ನೌಕೆಯ ಸದ್ದು, ಗಾಳಿಯ ಸದ್ದು, ಬಂಡೆಯ ಸದ್ದು ಮಾಡಿದರು. ತೆರೆ ಇಲ್ಲ, ಚಿತ್ರ ಇಲ್ಲ, ಬರೀ ಕಿವಿ. ಮೊದಲು ಶಾಲೆಯಲ್ಲಿ, ಆಮೇಲೆ ಮೂಡಲಗಿಯ ಗ್ರಂಥಾಲಯದಲ್ಲಿ. ಸುದ್ದಿ ಹಬ್ಬಿತು. ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ ಆ ಸುಶಾಂತ ಪ್ರಾಚಾರ್ಯ ಆದಿನಾಥ ಅವರ ಬೆನ್ನು ಹತ್ತಿ ಅಕ್ಕನನ್ನೂ ಮಕ್ಕಳನ್ನೂ ಹುಕ್ಕೇರಿಯ ಕಾಲೇಜಿಗೆ ಕರೆಸಿದ.

ನನಗೆ ಏನೂ ಹೇಳಿರಲಿಲ್ಲ. ಶಾಲೆಗೆ ಬರಬೇಡ, ಗ್ರಂಥಾಲಯಕ್ಕೂ ಬರಬೇಡ, ಪೂರ್ತಿ ಹದಕ್ಕೆ ಬಂದ ಮೇಲೆ ಕೇಳು ಎಂದು ಅಕ್ಕನ ಅಪ್ಪಣೆಯಾಗಿತ್ತು. ಹುಕ್ಕೇರಿಗೆ ಹೋದೆ. ನಾಲ್ಕು ನೂರು ಕುರ್ಚಿ ತುಂಬಿ, ಕಿಟಕಿಯಲ್ಲೂ ಜನ. ಎಲ್ವಾಳ ಅಂಗಿ ಹಾಕಿಕೊಂಡವರೇ ನೂರು ಮಂದಿ. ಮೂರನೆಯ ಸಾಲಿನಲ್ಲಿ ಕೂತೆ. ದೀಪ ಆರಿಸಿದರು.

ಅಕ್ಕ ಶುರು ಮಾಡಿದಳು. ಎಲ್ಲವ್ವ ತೇಲುತ್ತ ತೇಲುತ್ತ ಒಂದು ಸಣ್ಣ ಚಂದ್ರನನ್ನು ಮುಟ್ಟಿದ್ದಾಳೆ. ಅಲ್ಲಿಯ ಜನ ಗೋಡೆ ಬಡಿದು ಮಾತಾಡುತ್ತಾರೆ, ದನಿ ಇಲ್ಲದವಳಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಹದಿನೈದು ವರ್ಷ ಕಳೆಯುತ್ತವೆ. ಒಂದು ದಿನ ಆರ್ಡೆನ್ ನೌಕೆ ಅಲ್ಲಿಗೇ ಬಂದು ಇಳಿಯುತ್ತದೆ. ಒಳಗೆ ಹೊಸ ಹುಡುಗರು. ಅವರು ಕಾಗದ ನೋಡಿ, "ದಾಖಲೆಯಲ್ಲಿ ನೀವು ಸತ್ತಿದ್ದೀರಿ, ಒಳಗೆ ಬಿಡಲು ಬರುವುದಿಲ್ಲ" ಎನ್ನುತ್ತಾರೆ. ತಾಲ್ಲೂಕು ಕಚೇರಿ ಕಂಡ ಜನ ಸಭಾಂಗಣವೇ ಹಾರುವಂತೆ ನಕ್ಕರು. ಆಮೇಲೆ ಅಕ್ಕ ದನಿ ಇಳಿಸಿದಳು. ನೌಕೆಯ ಕೆಳಗೆ ಬೆಂಕಿ ಹತ್ತಿದೆ. ಒಳಗಿನ ಹುಡುಗರಿಗೆ ಗೊತ್ತಿಲ್ಲ. ಬಾಗಿಲು ಮುಚ್ಚಿದೆ. ಎಲ್ಲವ್ವನಿಗೆ ಕೂಗಲು ದನಿ ಇಲ್ಲ. ಒಂದು ಮಗು ತಟ್ಟೆಯ ಮೇಲೆ ಬೆರಳಿನಿಂದ ಬಡಿಯಿತು, ಟಕ್, ಟಕ್. ನಾಲ್ಕು ನೂರು ಜನರ ಉಸಿರು ನಿಂತಿತ್ತು. ಅಲ್ಲಿ ಅಕ್ಕ ಮಾತು ನಿಲ್ಲಿಸಿ, ನಿಧಾನವಾಗಿ, ಲೋಟ ಹುಡುಕಿ, ನೀರು ಕುಡಿಯತೊಡಗಿದಳು.

ಎಲ್ಲವ್ವನನ್ನು ಅಷ್ಟು ವರ್ಷ ನಡೆಸಿದವನು ನಾನು. ಆಕೆ ಮುಂದಿನ ಹೆಜ್ಜೆ ಎಲ್ಲಿಡುತ್ತಾಳೆ ಎಂದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿರುತ್ತಿತ್ತು. ಅಂದು ನನಗೆ ಏನೂ ಗೊತ್ತಿರಲಿಲ್ಲ. ಕುರ್ಚಿ ಬಿಟ್ಟು ಎದ್ದು ನಿಂತದ್ದೂ ನನಗೆ ಗೊತ್ತಾಗಲಿಲ್ಲ. ಪ್ರಾಚಾರ್ಯರು, ಪ್ರಾಧ್ಯಾಪಕರು, ಇಡೀ ಹುಕ್ಕೇರಿಯ ಮುಂದೆ ಕೂಗಿಬಿಟ್ಟೆ:

"ಅಕ್ಕಾ, ನೀರು ಆಮ್ಯಾಲೆ ಕುಡಿ! ಮುಂದ ಹೇಳು!"

ಕತ್ತಲಲ್ಲಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಸುಮ್ನ ಕುಂದರೋ ಶಿವ್ಯಾ. ಹೇಳಾಕತ್ತೇನಿ."

ಕುಂತೆ, ಸಭಿಕರೇ. ಬಾಯಿ ಮುಚ್ಚಿಕೊಂಡು, ಕಣ್ಣೂ ಮುಚ್ಚಿಕೊಂಡು ಕುಂತೆ. ಕಥೆ ಮುಗಿದಾಗ ಹುಕ್ಕೇರಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಸುಶಾಂತ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಕುಣಿದ. ಮುಂದೆ ಏನಾಯಿತು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳುವವರು ವೇದಿಕೆಯ ಮೇಲಿದ್ದಾರೆ.

ನನಗೆ ಹತ್ತು ನಿಮಿಷ ಕೊಟ್ಟಿದ್ದರು, ಇಪ್ಪತ್ತು ತಿಂದೆ. ಅದನ್ನು ಸಹಿಸಿದ ಅಧ್ಯಕ್ಷರಿಗೆ, ಕರೆದ ಶಾಲೆಗೆ, ತಟ್ಟೆ ಲೋಟ ಹಿಡಿದು ಸಿದ್ಧರಾಗಿರುವ ಮಕ್ಕಳಿಗೆ, ತಪ್ಪು ಸುತ್ತಿದ ಮೋಟರನ್ನು ಮರಳಿ ನನ್ನ ಅಂಗಡಿಗೇ ತಂದ ಮಾಲಿಂಗ ಅವರಿಗೆ, ತಮಗೆಲ್ಲರಿಗೂ ನನ್ನ ಧನ್ಯವಾದ. ದಯವಿಟ್ಟು ಮೊಬೈಲುಗಳನ್ನು ಬಂದ್ ಮಾಡಿ, ದೀಪ ಆರಿಸಲಿ. ನಾನು ಮೂರನೆಯ ಸಾಲಿಗೆ ಹೋಗಿ ಕೂಡುತ್ತೇನೆ. ನಮಸ್ಕಾರ.